ಎಲ್2ನಲ್ಲಿ ಕೂದಲೆಳೆಯಷ್ಟು ಹತ್ತಿರ, ಆದರೂ ಡೆನ್ಸಿಟಿಯೇ ಅಲ್ಲ: ನಾನ್‌ಪ್ಯಾರಾಮೆಟ್ರಿಕ್ ಎಕ್ಸ್‌ಪೊನೆನ್ಷಿಯಲ್ ಫ್ಯಾಮಿಲಿಗೆ ಯಾವ ಜ್ಯಾಮಿತಿ?

ಪ್ರಶ್ನೆ

ಒಂದು ವಾರದಿಂದ ಒಂದೇ ಗಂಟು ಬಿಚ್ಚಲು ಕೂತಿದ್ದೇನೆ, ಬಿಚ್ಚುತ್ತಿಲ್ಲ. ಇನ್‌ಫರ್ಮೇಷನ್ ಜ್ಯಾಮಿತಿ (ಸಂಭವನೀಯತೆಯ ಹಂಚಿಕೆಗಳನ್ನೇ ಬಿಂದುಗಳೆಂದು ನೋಡುವ ಜ್ಯಾಮಿತಿ) ಗೊತ್ತಿರುವವರು ದಯವಿಟ್ಟು ನೋಡಿ.

ನಾನು ಇದನ್ನು ಕಲಿತದ್ದು ಈ ಕ್ಷೇತ್ರ ಕಟ್ಟಿದವರಲ್ಲಿ ಒಬ್ಬರಾದ ಅಮಾರಿ ಅವರ ದಾರಿಯಲ್ಲಿ. ಅಂದರೆ ಪ್ಯಾರಾಮೀಟರ್‌ಗಳು ಎರಡೋ ಮೂರೋ ಇರುವ ಕಡೆ. ಅಲ್ಲಿ ಎಲ್ಲ ಸಲೀಸು. ಈಗ ನನಗೆ ಬೇಕಾಗಿರುವುದು ಆಕಾರವನ್ನು ಮೊದಲೇ ಊಹಿಸದೆ, ಅಂದರೆ ನಾನ್‌ಪ್ಯಾರಾಮೆಟ್ರಿಕ್ ಆಗಿ, ಡೆನ್ಸಿಟಿಯನ್ನು (ಸಂಭವನೀಯತೆ ಎಲ್ಲಿ ಎಷ್ಟು ದಟ್ಟ ಅನ್ನುವ ಫಂಕ್ಷನ್) ಅಂದಾಜು ಮಾಡುವುದು. ಹಾಗಾಗಿ ಹೀಗೆ ಯೋಚಿಸಿದೆ: ಒಂದು ಬೇಸ್ ಡೆನ್ಸಿಟಿ ಪಿ ಇಟ್ಟುಕೊಳ್ಳೋಣ. ಸರಾಸರಿ ಸೊನ್ನೆ ಇರುವ ಯಾವುದೋ ಫಂಕ್ಷನ್ ಯು ತೆಗೆದುಕೊಂಡು

ಕ್ಯೂ = ಪಿ × ಇ^(ಯು − ಕೆ)

ಎಂದು ಬರೆಯೋಣ. ಇಲ್ಲಿ ಕೆ ಅಂದರೆ ಇ^ಯುವಿನ ಪಿ-ಸರಾಸರಿಯ ಲಾಗ್, ಒಟ್ಟು 1 ಆಗಲಿ ಅಂತ ಕಳೆಯುವುದು. ಫಿಶರ್ ಮೆಟ್ರಿಕ್ (ಡೆನ್ಸಿಟಿಗಳ ನಡುವೆ ಉದ್ದ, ಕೋನ ಅಳೆಯುವ ಅಳತೆ) ಹೇಗೂ ಯು, ವಿ ಎಂಬ ಎರಡು ಫಂಕ್ಷನ್‌ಗಳಿಗೆ ಯು × ವಿಯ ಸರಾಸರಿಯೇ, ಅಂದರೆ ಎಲ್2ನ (ವರ್ಗದ ಸರಾಸರಿ ಸಾಂತವಾಗಿರುವ ಫಂಕ್ಷನ್‌ಗಳ ಸ್ಪೇಸ್‌ನ) ಒಳಗುಣಲಬ್ಧ. ಹಾಗಾದರೆ ಯು ಎಲ್2ನಲ್ಲಿ ಎಲ್ಲಿ ಬೇಕಾದರೂ ಇರಬಹುದು, ಅದೇ ನಮ್ಮ ಟ್ಯಾಂಜೆಂಟ್ ಸ್ಪೇಸ್ (ಪಿಯಿಂದ ಹೊರಡಬಹುದಾದ ದಿಕ್ಕುಗಳ ಸ್ಪೇಸ್), ಕತೆ ಮುಗಿಯಿತು ಅಂದುಕೊಂಡೆ.

ಬೇಸ್‌ಗೆ ಸ್ಟ್ಯಾಂಡರ್ಡ್ ನಾರ್ಮಲ್ ಇಟ್ಟೆ. ಎಕ್ಸ್‌ನಿಂದ ಎಕ್ಸ್⁴ವರೆಗೆ ಪದಗಳನ್ನು ಹಾಕಿ, ಲಾಗ್ ಡೆನ್ಸಿಟಿಯ ಡೆರಿವೇಟಿವ್ ಅನ್ನು ಡೇಟಾಗೆ ಹೊಂದಿಸುವ ಸ್ಕೋರ್ ಮ್ಯಾಚಿಂಗ್‌ನಿಂದ ಫಿಟ್ ಮಾಡಿದೆ. ಎಕ್ಸ್⁴ದ ಗುಣಾಂಕ 0.0001 ಬಂತು, ಉಳಿದವು ಸೊನ್ನೆಯ ಆಸುಪಾಸು, ಅವುಗಳನ್ನು ಬಿಟ್ಟುಬಿಟ್ಟೆ. ಮೈನಸ್ 10ರಿಂದ 10ರವರೆಗಿನ ಗ್ರಿಡ್‌ನಲ್ಲಿ ಕೂಡಿಸಿ ನೋಡಿದರೆ ಕೆ ಹೆಚ್ಚುಕಡಿಮೆ ಸೊನ್ನೆ. ಖುಷಿಯಾಯಿತು. ಗ್ರಿಡ್ ಅನ್ನು 70ಕ್ಕೆ ಹಿಗ್ಗಿಸಿದೆ, ಆಗಲೂ ಸರಿ. 80ಕ್ಕೆ ಹಿಗ್ಗಿಸಿದ ಕೂಡಲೇ ಇನ್‌ಫಿನಿಟಿ ಬಂತು! ಕೋಡ್‌ನಲ್ಲೇ ಏನೋ ತಪ್ಪಿದೆ ಅಂತ ಎರಡು ದಿನ ಹುಡುಕಿದೆ, ಏನೂ ಸಿಗಲಿಲ್ಲ.

ಇನ್ನು ಪೇಪರ್‌ಗಳನ್ನು ತೆರೆದರೆ ಎಲ್ಲರೂ ಓರ್ಲಿಚ್ ಸ್ಪೇಸ್ ಅನ್ನುತ್ತಾರೆ. ಅದು ನಿಜಕ್ಕೂ ಬೇಕಾ? ಎಲ್2 ಯಾಕೆ ಸಾಲದು?

ಉತ್ತರ 1

ನಿಮ್ಮ ಕೋಡ್ ಸರಿಯಾಗಿಯೇ ಇದೆ. ನೀವು ಕಂಡದ್ದೇ ಈ ಇಡೀ ವಿಷಯದ ತಿರುಳು, ಅದಕ್ಕೇ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ನಿಮ್ಮ ಘಾತದಲ್ಲಿ ಇರುವುದು ಮೈನಸ್ ಎಕ್ಸ್²/2 ಮತ್ತು ಪ್ಲಸ್ 0.0001 ಎಕ್ಸ್⁴. ಎಕ್ಸ್ 10 ಇದ್ದಾಗ ಮೊದಲನೆಯದು ಮೈನಸ್ 50, ಎರಡನೆಯದು ಬರೀ 1. ಯಾರ ಕಣ್ಣಿಗೂ ಬೀಳಲ್ಲ. ಎಕ್ಸ್ 50 ಆದಾಗ ಒಟ್ಟು ಮೈನಸ್ 625, ಅದೇ ಕಣಿವೆಯ ತಳ. ಅಲ್ಲಿಂದ ಮುಂದೆ ಮೇಲಕ್ಕೆ ಏರಲು ಶುರು. 70ರಲ್ಲಿ ಮೈನಸ್ 49ಕ್ಕೆ ಬಂದಿರುತ್ತದೆ, ಇನ್ನೂ ಸುರಕ್ಷಿತ ಅನ್ನಿಸುತ್ತದೆ. ಸುಮಾರು 70.7ರಲ್ಲಿ ಸೊನ್ನೆ ದಾಟುತ್ತದೆ. 80ರಲ್ಲಿ ಪ್ಲಸ್ 896! ಡಬಲ್ ಪ್ರಿಸಿಷನ್ ಸಂಖ್ಯೆ ಹಿಡಿಯುವುದು ಇ^709ರವರೆಗೆ ಮಾತ್ರ, ಹಾಗಾಗಿ ಅಲ್ಲಿ ಇನ್‌ಫಿನಿಟಿ ಬಂತು. ಆದರೆ ಇದು ಕಂಪ್ಯೂಟರ್‌ನ ಮಿತಿಯ ಮಾತಲ್ಲ. ಕಾಗದದ ಮೇಲೂ ಆ ಇಂಟಿಗ್ರಲ್ ಅನಂತವೇ. ನಿಮ್ಮ ಕ್ಯೂ ಡೆನ್ಸಿಟಿಯೇ ಅಲ್ಲ.

ಈಗ ಎಲ್2 ಏನು ಹೇಳುತ್ತದೆ ನೋಡಿ. ನಾರ್ಮಲ್ ಅಡಿಯಲ್ಲಿ ಎಕ್ಸ್⁴ದ ಸರಾಸರಿ 3, ಎಕ್ಸ್⁸ದ ಸರಾಸರಿ 105. ಹಾಗಾಗಿ ಎಕ್ಸ್⁴ − 3ರ ವೇರಿಯನ್ಸ್ 96, ನಾರ್ಮ್ ಸುಮಾರು 9.8. ಅದನ್ನು 0.0001ರಿಂದ ಗುಣಿಸಿದರೆ 0.001ಕ್ಕಿಂತ ಕಡಿಮೆ. ಅಂದರೆ ಎಲ್2 ಲೆಕ್ಕದಲ್ಲಿ ನೀವು ಸೊನ್ನೆಗೆ ಅಂಟಿಕೊಂಡೇ ಇದ್ದೀರಿ. ಗುಣಾಂಕವನ್ನು ಇನ್ನೂ ಸಾವಿರ ಪಟ್ಟು ಸಣ್ಣದು ಮಾಡಿದರೂ ಇಂಟಿಗ್ರಲ್ ಅನಂತವೇ, ಸ್ಫೋಟ ಇನ್ನಷ್ಟು ದೂರಕ್ಕೆ ಹೋಗುತ್ತದೆ ಅಷ್ಟೇ. ಎಲ್2ನಲ್ಲಿ ಸೊನ್ನೆಯ ಸುತ್ತ ಎಷ್ಟೇ ಪುಟ್ಟ ಚೆಂಡು ಬರೆಯಿರಿ, ಅದರೊಳಗೆ ಇಂಥ ಕೆಟ್ಟ ಯು ಕೂತೇ ಇರುತ್ತದೆ. ಚಾರ್ಟ್ (ಡೆನ್ಸಿಟಿಗಳಿಗೆ ಕೋಆರ್ಡಿನೇಟ್ ಕೊಡುವ ನಕ್ಷೆ) ಬೇಕೆಂದರೆ ಬಿಂದುವಿನ ಸುತ್ತ ಎಲ್ಲ ದಿಕ್ಕಿಗೂ ಸ್ವಲ್ಪವಾದರೂ ಜಾಗ ಬೇಕು ಅಲ್ವಾ? ಇಲ್ಲಿ ಆ ಜಾಗವೇ ಇಲ್ಲ.

1995ರಲ್ಲಿ ಪಿಸ್ಟೋನೆ ಮತ್ತು ಸೆಂಪಿ ಮಾಡಿದ್ದು ಇದಕ್ಕೆ ಪರಿಹಾರ. ಹತ್ತಿರ ಅಂದರೇನು ಅನ್ನುವುದನ್ನು ಇ^ಯುವೇ ನಿರ್ಧರಿಸಲಿ ಅಂದರು. ಯುವಿನ ವರ್ಗದ ಬದಲು ಕಾಶ್(ಯು) − 1 ಅನ್ನು ಅಳತೆಗೋಲು ಮಾಡಿಕೊಂಡರು; ಕಾಶ್(ಯು) ಅಂದರೆ ಇ^ಯು ಮತ್ತು ಇ^(−ಯು) ಇವೆರಡರ ಮೊತ್ತದ ಅರ್ಧ. ಯುವನ್ನು ಯಾವ ಅತಿ ಸಣ್ಣ ಸಂಖ್ಯೆಯಿಂದ ಭಾಗಿಸಿದರೆ ಕಾಶ್ − 1ರ ಸರಾಸರಿ 1ರೊಳಗೆ ಬರುತ್ತದೋ, ಆ ಸಂಖ್ಯೆಯೇ ಯುವಿನ ನಾರ್ಮ್. ಓರ್ಲಿಚ್ ಸ್ಪೇಸ್ ಅಂದರೆ ಇಷ್ಟೇ, ಹೆಸರು ಕೇಳಿ ಹೆದರಬೇಡಿ. ನಾರ್ಮ್ 1ರೊಳಗೆ ಇದ್ದರೆ ಕಾಶ್(ಯು)ವಿನ ಸರಾಸರಿ 2ರೊಳಗೆ, ಹಾಗಾಗಿ ಇ^ಯುವಿನ ಸರಾಸರಿ 4 ದಾಟುವುದಿಲ್ಲ. ಆ ಚೆಂಡಿನ ಒಳಗೆ ಯಾವ ಯು ತೆಗೆದುಕೊಂಡರೂ ನಿಜವಾದ ಡೆನ್ಸಿಟಿ ಸಿಗುತ್ತದೆ. ಎಕ್ಸ್⁴ ಈ ಸ್ಪೇಸ್‌ನ ಒಳಗೇ ಬರುವುದಿಲ್ಲ, ಬಾಗಿಲಲ್ಲೇ ತಡೆಯುತ್ತಾರೆ. ಎಕ್ಸ್² ಬರುತ್ತದೆ, ಏಕೆಂದರೆ ಇ^(ಟಿ ಎಕ್ಸ್²)ದ ಸರಾಸರಿ ಟಿ ಅರ್ಧಕ್ಕಿಂತ ಕಡಿಮೆ ಇರುವವರೆಗೂ ಸಾಂತ.

ಹೀಗೆ ಮಾಡಿದ ಮೇಲೆ ನಿಮಗೆ ಗೊತ್ತಿರುವ ಎಕ್ಸ್‌ಪೊನೆನ್ಷಿಯಲ್ ಫ್ಯಾಮಿಲಿಯ ಸೊಗಸೆಲ್ಲ ವಾಪಸ್ ಬರುತ್ತದೆ. ಕೆಯ ಮೊದಲ ಡೆರಿವೇಟಿವ್ ಕ್ಯೂ-ಸರಾಸರಿ, ಎರಡನೆಯದು ಕ್ಯೂ-ಕೋವೇರಿಯನ್ಸ್. ಕೆ ತಾನೇ ಪಿಯಿಂದ ಕ್ಯೂಗೆ ಇರುವ ಕುಲ್‌ಬ್ಯಾಕ್-ಲೈಬ್ಲರ್ ಡೈವರ್ಜೆನ್ಸ್, ಅಂದರೆ ಲಾಗ್(ಪಿ/ಕ್ಯೂ)ನ ಪಿ-ಸರಾಸರಿ. ಒಂದೇ ಸಾಲಿನ ಲೆಕ್ಕ, ಮಾಡಿ ನೋಡಿ. ನನಗೆ ಮೊದಲ ಸಲ ಅದು ಸರಕ್ಕನೆ ಬಿದ್ದಾಗ ಆದ ಸಂತೋಷ ಇನ್ನೂ ನೆನಪಿದೆ.

ಪ್ರಶ್ನೆ ಕೇಳಿದವರು

ಅಬ್ಬಾ, 50ರ ಹತ್ತಿರ ಕಣಿವೆ ಇದೆ ಅಂತ ಪ್ಲಾಟ್ ಮಾಡಿ ನೋಡಿದ ಮೇಲೆ ಮನಸ್ಸು ಹಗುರವಾಯಿತು. ತುಂಬಾ ಥ್ಯಾಂಕ್ಸ್.

ಇನ್ನೆರಡು ಪ್ರಶ್ನೆ. ಒಂದು, ಈ ಚಾರ್ಟ್‌ಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋದರೆ ಎಲ್ಲ ಡೆನ್ಸಿಟಿಗಳನ್ನೂ ಮುಟ್ಟಬಹುದಾ? ಉದಾಹರಣೆಗೆ ನಾರ್ಮಲ್‌ನಿಂದ ಕೌಶಿಗೆ (ತುಂಬಾ ಭಾರದ ಬಾಲದ ಡೆನ್ಸಿಟಿ)? ಎರಡು, ಡೆನ್ಸಿಟಿಯ ವರ್ಗಮೂಲ ತೆಗೆದರೆ ಅದು ಎಲ್2ನಲ್ಲಿ ಯೂನಿಟ್ ಗೋಳದ ಮೇಲೆ ಕೂರುತ್ತದೆ. ಎಷ್ಟು ಸರಳ! ಇಷ್ಟೆಲ್ಲ ಪಾಡು ಪಡುವ ಬದಲು ಅದೇ ಸಾಕಲ್ವಾ?

ಉತ್ತರ 1

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಮುಟ್ಟಲು ಆಗುವುದಿಲ್ಲ. ಡೆನ್ಸಿಟಿಗಳ ಲೋಕ ಬೇರೆ ಬೇರೆ ದ್ವೀಪಗಳಾಗಿ ಒಡೆದಿದೆ. ಒಂದೊಂದು ದ್ವೀಪಕ್ಕೂ ಮ್ಯಾಕ್ಸಿಮಲ್ ಎಕ್ಸ್‌ಪೊನೆನ್ಷಿಯಲ್ ಮಾಡೆಲ್ ಅಂತ ಹೆಸರು. ಒಂದೇ ದ್ವೀಪದಲ್ಲಿ ಇದ್ದೇವಾ ಅಂತ ಪರೀಕ್ಷಿಸುವುದು ಸುಲಭ: ಪಿ^(1−ಟಿ) × ಕ್ಯೂ^ಟಿ ಇದರ ಇಂಟಿಗ್ರಲ್ ಟಿ = 0 ಮತ್ತು ಟಿ = 1ರ ಎರಡೂ ಕಡೆ ಸ್ವಲ್ಪ ಆಚೆಗೆ ಹೋದರೂ ಸಾಂತವಾಗಿ ಉಳಿಯಬೇಕು. ಬರೀ 0ಯಿಂದ 1ರವರೆಗೆ ಇದ್ದರೆ ಸಾಲದು, ಅದು ಯಾವ ಜೋಡಿಗಾದರೂ ಇರುತ್ತದೆ.

ಪಿ ಸ್ಟ್ಯಾಂಡರ್ಡ್ ನಾರ್ಮಲ್, ಕ್ಯೂ ವೇರಿಯನ್ಸ್ 100 ಇರುವ ನಾರ್ಮಲ್ ಅನ್ನಿ. ಘಾತದಲ್ಲಿ ಎಕ್ಸ್²/2ರ ಮುಂದೆ ಬರುವುದು 1 − 0.99 ಟಿ. ಅದು ಸೊನ್ನೆಗಿಂತ ದೊಡ್ಡದಿರಬೇಕು, ಅಂದರೆ ಟಿ ಸುಮಾರು 1.0101ರವರೆಗೆ ಹೋಗಬಹುದು. 1ರ ಆಚೆಗೆ ಸಿಕ್ಕಿದ್ದು ಚೂರೇ ಜಾಗ, ಆದರೆ ಸಿಕ್ಕಿದೆ. ಒಂದೇ ದ್ವೀಪ. ಈಗ ಕ್ಯೂ ಕೌಶಿ ಅನ್ನಿ. ಟಿ = 1ರಲ್ಲಿ ಇಂಟಿಗ್ರಲ್ 1, ಯಾಕೆಂದರೆ ಅದು ಕೌಶಿಯೇ. ಟಿ 1ಕ್ಕಿಂತ ಎಳ್ಳಷ್ಟು ಜಾಸ್ತಿಯಾದರೂ ಪಿ^(1−ಟಿ) ಅನ್ನುವುದು ಎಕ್ಸ್²ದ ಎಕ್ಸ್‌ಪೊನೆನ್ಷಿಯಲ್ ವೇಗದಲ್ಲಿ ಬೆಳೆಯುತ್ತದೆ. ಕೌಶಿಯ ಬಾಲಕ್ಕೆ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಇಲ್ಲ. ಕೌಶಿ ಸರಿಯಾಗಿ ಹೊಸ್ತಿಲ ಮೇಲೆ ನಿಂತಿದೆ, ಒಳಗೆ ಬಂದಿಲ್ಲ. ಇನ್ನೊಂದು ರೀತಿಯಲ್ಲೂ ಇದು ಕಾಣುತ್ತದೆ: ನಾರ್ಮಲ್‌ನಿಂದ ಕೌಶಿಗೆ ಡೈವರ್ಜೆನ್ಸ್ ಸಾಂತ, ಕೌಶಿಯಿಂದ ನಾರ್ಮಲ್‌ಗೆ ಅನಂತ, ಯಾಕೆಂದರೆ ಕೌಶಿಗೆ ಎಕ್ಸ್²ದ ಸರಾಸರಿಯೇ ಇಲ್ಲ. ಒಂದೇ ದ್ವೀಪದಲ್ಲಿದ್ದರೆ ಎರಡೂ ಕಡೆಯದು ಸಾಂತವಾಗಿರಬೇಕಿತ್ತು.

ಉತ್ತರ 2

ವರ್ಗಮೂಲದ ಬಗ್ಗೆ ನಾನು ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದ ಚಿತ್ರ ಅದು. ಫಿಶರ್ ಮಾಹಿತಿಯನ್ನು ದೂರ ಅಳೆಯಲು ಬಳಸಬಹುದು ಅಂತ ಸಿ. ಆರ್. ರಾವ್ 1945ರಲ್ಲಿ ತೋರಿಸಿದರು. ಅದನ್ನೇ ನಾನ್‌ಪ್ಯಾರಾಮೆಟ್ರಿಕ್ ಆಗಿ ಮಾಡಿದರೆ ಬರುವುದು ಈ ಗೋಳವೇ. ಎರಡು ಡೆನ್ಸಿಟಿಗಳ ವರ್ಗಮೂಲಗಳನ್ನು ಗುಣಿಸಿ ಇಂಟಿಗ್ರೇಟ್ ಮಾಡಿ, ಆರ್ಕ್ ಕೊಸೈನ್ ತೆಗೆದು, 2ರಿಂದ ಗುಣಿಸಿ. ಅದೇ ದೂರ.

ಒಂದು ಲೆಕ್ಕ ಮಾಡೋಣ. ವೇರಿಯನ್ಸ್ 1 ಇರುವ ಎರಡು ನಾರ್ಮಲ್‌ಗಳು, ಒಂದರ ಸರಾಸರಿ 0, ಇನ್ನೊಂದರದ್ದು 2. ಬರೀ ಸರಾಸರಿಯನ್ನು ಸರಿಸುತ್ತಾ ಫ್ಯಾಮಿಲಿಯ ಒಳಗೇ ನಡೆದರೆ ಫಿಶರ್-ರಾವ್ ದೂರ ಸರಿಯಾಗಿ 2. ಗೋಳದ ಮೇಲೆ ನೇರ ಹೋದರೆ? ವರ್ಗಮೂಲಗಳ ಗುಣಲಬ್ಧದ ಇಂಟಿಗ್ರಲ್ ಇ^(−0.5), ಅಂದರೆ 0.6065. ಆರ್ಕ್ ಕೊಸೈನ್ ಸುಮಾರು 0.919, ದೂರ 1.84. ಫ್ಯಾಮಿಲಿಯ ಆಚೆ ಒಂದು ಒಳದಾರಿ ಇದೆ! ಸರಾಸರಿ 6 ಮಾಡಿದರೆ ಒಳಗಿನ ದೂರ 6, ಗೋಳದ ಮೇಲೆ ಬರೀ 3.12. ಎಷ್ಟೇ ದೂರ ತಳ್ಳಿದರೂ ಗೋಳದ ಮೇಲಿನ ದೂರ ಪೈ ದಾಟುವುದೇ ಇಲ್ಲ.

ದೂರ ಅಳೆಯಲು ಇದಕ್ಕಿಂತ ಚೆನ್ನಾಗಿರುವುದು ಸಿಗಲ್ಲ. ಆದರೆ ಕೋಆರ್ಡಿನೇಟ್ ಆಗಿ ಬಳಸಲು ಹೋದರೆ ಕೈಕೊಡುತ್ತದೆ. ವರ್ಗಮೂಲ ಪಾಸಿಟಿವ್ ಇರಬೇಕು. ಎಲ್2ನಲ್ಲಿ ಪಾಸಿಟಿವ್ ಫಂಕ್ಷನ್‌ಗಳ ಗುಂಪಿಗೆ ಒಳಭಾಗವೇ ಇಲ್ಲ: ಯಾವ ಫಂಕ್ಷನ್ ಆದರೂ ಒಂದು ಚಿಕ್ಕ ಜಾಗದಲ್ಲಿ ಸೊನ್ನೆಗಿಂತ ಕೆಳಗೆ ಚುಚ್ಚಿಬಿಡಬಹುದು, ನಾರ್ಮ್‌ಗೆ ಗೊತ್ತೇ ಆಗಲ್ಲ. ನಿಮ್ಮ ಎಕ್ಸ್⁴ದ ತೊಂದರೆಗೆ ಇದು ಅಕ್ಕತಂಗಿ ಇದ್ದಂತೆ. ಅಲ್ಲಿ ಬಾಲದಲ್ಲಿ ಮೋಸ ಹೋದಿರಿ, ಇಲ್ಲಿ ಚಿಕ್ಕ ಜಾಗದಲ್ಲಿ. ಜೊತೆಗೆ ಗೋಳದ ಮೇಲೆ ಸಿಗುವುದು ಒಂದೇ ಬಗೆಯ ನೇರ ಗೆರೆ. ಎಕ್ಸ್‌ಪೊನೆನ್ಷಿಯಲ್ ನೇರ ಗೆರೆ ಒಂದು, ಮಿಶ್ರಣದ ನೇರ ಗೆರೆ ಇನ್ನೊಂದು, ಎರಡೂ ಒಂದಕ್ಕೊಂದು ಜೋಡಿ ಅನ್ನುವ ಆ ಚಂದ ಗೋಳದಲ್ಲಿ ಮರೆಯಾಗುತ್ತದೆ. ಪಿಸ್ಟೋನೆ-ಸೆಂಪಿ ಚಾರ್ಟ್‌ನಲ್ಲಿ ಅದು ಎದ್ದು ಕಾಣುತ್ತದೆ. ಪಿಯಿಂದ ಕ್ಯೂಗೆ ಒಂದು ದಿಕ್ಕನ್ನು ಸಾಗಿಸಲು ಯುವಿನಿಂದ ಅದರ ಕ್ಯೂ-ಸರಾಸರಿ ಕಳೆಯಿರಿ. ಇನ್ನೊಂದನ್ನು ಸಾಗಿಸಲು ವಿಯನ್ನು ಪಿ/ಕ್ಯೂನಿಂದ ಗುಣಿಸಿ. ಈಗ ಎರಡರ ಗುಣಲಬ್ಧದ ಕ್ಯೂ-ಸರಾಸರಿ ತೆಗೆದರೆ ಹಳೆಯ ಪಿ-ಸರಾಸರಿಯೇ ವಾಪಸ್ ಬರುತ್ತದೆ, ಒಂದು ಕಾಸೂ ಹೆಚ್ಚುಕಡಿಮೆ ಇಲ್ಲದೆ.

ಉತ್ತರ 3

ನಾನು ಡೆನ್ಸಿಟಿ ಅಂದಾಜನ್ನೇ ದಿನಾ ಮಾಡುವವಳು, ಹಾಗಾಗಿ ಕೆಲಸದ ಕಡೆಯಿಂದ ಮಾತಾಡುತ್ತೇನೆ. ಪ್ರಶ್ನೆಯಲ್ಲಿ ಒಂದು ಸಾಲು ಎಲ್ಲರೂ ದಾಟಿ ಹೋದರು: ಸ್ಕೋರ್ ಮ್ಯಾಚಿಂಗ್‌ನಿಂದ ಫಿಟ್ ಮಾಡಿದೆ ಅಂದಿದ್ದೀರಿ. ತೊಂದರೆ ಒಳಗೆ ಬಂದದ್ದು ಆ ಬಾಗಿಲಿಂದಲೇ.

ಹೈವಾರಿನೆನ್ 2005ರಲ್ಲಿ ತಂದ ಈ ವಿಧಾನದ ದೊಡ್ಡ ಗುಣ ಏನೆಂದರೆ ಕೆಯನ್ನು ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಲಾಗ್ ಡೆನ್ಸಿಟಿಯ ಡೆರಿವೇಟಿವ್ ತೆಗೆದ ಕೂಡಲೇ ಕೆ ಮಾಯ. ಅದೇ ಅಪಾಯವೂ ಹೌದು. ಕೆಯನ್ನು ನೋಡದ ವಿಧಾನ ಕೆ ಅನಂತವಾದರೂ ನಿಮಗೆ ಹೇಳುವುದಿಲ್ಲ.

ಒಳ್ಳೆಯ ಸಂದರ್ಭ ಮೊದಲು ನೋಡಿ. ಬೇಸ್ ಸ್ಟ್ಯಾಂಡರ್ಡ್ ನಾರ್ಮಲ್, ಸೇರಿಸುವುದು ಎ × ಎಕ್ಸ್² ಮಾತ್ರ. ಡೇಟಾದಲ್ಲಿ ಎಕ್ಸ್²ದ ಸರಾಸರಿ ಎಮ್ ಅನ್ನಿ. ಕನಿಷ್ಠ ಮಾಡಬೇಕಾದದ್ದು 2 ಎ² ಎಮ್ + 2 ಎ − 2 ಎ ಎಮ್. ಉತ್ತರ ಎ = ½ (1 − 1/ಎಮ್). ಬೇಸ್‌ಗೆ ಕೂಡಿಸಿದರೆ ಸರಿಯಾಗಿ ವೇರಿಯನ್ಸ್ ಎಮ್ ಇರುವ ನಾರ್ಮಲ್. ಮತ್ತೆ ಗಮನಿಸಿ, ಡೇಟಾ ಏನೇ ಇರಲಿ ಎ ಯಾವತ್ತೂ ಅರ್ಧ ಮುಟ್ಟುವುದಿಲ್ಲ. ಮೇಲೆ ಹೇಳಿದ ಆ ಗಡಿಯ ಒಳಗೇ ತಾನಾಗಿ ನಿಲ್ಲುತ್ತದೆ. ನಾನು ಇದನ್ನು ಕೈಯಲ್ಲಿ ಮಾಡಿದ ದಿನದಿಂದ ಈ ವಿಧಾನದ ಮೇಲೆ ಪ್ರೀತಿ.

ಆದರೆ ಎಕ್ಸ್⁴ ಸೇರಿಸಿದ ಕೂಡಲೇ ಆ ಭಾಗ್ಯ ಇಲ್ಲ. ಡೇಟಾ ನಾರ್ಮಲ್‌ಗೆ ಹತ್ತಿರ ಇದ್ದರೆ ಎಕ್ಸ್⁴ದ ಗುಣಾಂಕ ಸೊನ್ನೆಯ ಆಚೆಗೂ ಬೀಳಬಹುದು, ಈಚೆಗೂ ಬೀಳಬಹುದು, ಬರೀ ಸ್ಯಾಂಪಲ್‌ನ ಏರಿಳಿತ. ಮೈನಸ್ ಬಂದರೆ ಡೆನ್ಸಿಟಿ, ಪ್ಲಸ್ ಬಂದರೆ ಏನೂ ಅಲ್ಲ.

ಹಾಗಾದರೆ ಏನು ಮಾಡಬೇಕು? ಪಾಲಿನೋಮಿಯಲ್ ಬಿಟ್ಟು ಬೌಂಡೆಡ್ ಕರ್ನಲ್‌ನ ಆರ್‌ಕೆಎಚ್‌ಎಸ್ (ಕರ್ನಲ್ ಎಂಬ ಎರಡು ಬಿಂದುಗಳ ಫಂಕ್ಷನ್‌ನಿಂದ ಕಟ್ಟಿದ ಫಂಕ್ಷನ್‌ಗಳ ಸ್ಪೇಸ್) ಹಿಡಿಯಿರಿ. ಅಲ್ಲಿ ಯಾವ ಫಂಕ್ಷನ್ ಆದರೂ ಅದರ ನಾರ್ಮ್ × ಕರ್ನಲ್‌ನ ವರ್ಗಮೂಲ ದಾಟುವುದಿಲ್ಲ, ಹಾಗಾಗಿ ಕೆ ಯಾವಾಗಲೂ ಸಾಂತ. ಇಡೀ ಸ್ಪೇಸ್ ಸುರಕ್ಷಿತ. ಸ್ಕೋರ್ ಮ್ಯಾಚಿಂಗ್ ಅಲ್ಲೂ ವರ್ಗದ ರೂಪದಲ್ಲೇ ಇರುತ್ತದೆ, ಕೊನೆಗೆ ಒಂದು ಲೀನಿಯರ್ ಸಿಸ್ಟಮ್ ಬಿಡಿಸಿದರೆ ಆಯಿತು. ಶ್ರೀಪೆರುಂಬುದೂರ್, ಫುಕುಮಿಜು, ಗ್ರೆಟನ್, ಹೈವಾರಿನೆನ್, ಕುಮಾರ್ ಇವರ 2017ರ ಪೇಪರ್‌ನಲ್ಲಿ ಇದೆಲ್ಲ ಇದೆ.

ಬೆಲೆಯೂ ಇದೆ. ಫಂಕ್ಷನ್ ಬೌಂಡೆಡ್ ಆದ್ದರಿಂದ ಕ್ಯೂ/ಪಿ ಕೂಡ ಎರಡು ಸಂಖ್ಯೆಗಳ ನಡುವೆ ಸಿಕ್ಕಿಬಿದ್ದಿರುತ್ತದೆ. ಅಂದರೆ ಬಾಲ ಯಾವತ್ತೂ ಬೇಸ್‌ನದ್ದೇ. ನಾರ್ಮಲ್ ಬೇಸ್ ಇಟ್ಟುಕೊಂಡು ಭಾರದ ಬಾಲದ ಡೇಟಾಗೆ ಫಿಟ್ ಮಾಡಲು ಹೋದರೆ ಎಷ್ಟು ಡೇಟಾ ಸುರಿದರೂ ಬಾಲ ಸರಿ ಬರಲ್ಲ. ಮೊದಲು ಬೇಸ್ ಯಾವುದು ಅಂತ ಕೂತು ಯೋಚಿಸಿ. ಜನ ಕರ್ನಲ್‌ನ ಅಗಲಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ಬೇಸ್ ಅನ್ನು ಮಾತ್ರ ಸುಮ್ನೆ ನಾರ್ಮಲ್ ಅಂತ ಬರೆದು ಮುಂದೆ ಹೋಗುತ್ತಾರೆ. ನನಗೆ ಅದು ಬೇಜಾರು.

ಉತ್ತರ 4

ಒಂದು ಸಣ್ಣ ಮಾತು. ಎಲ್ಲರೂ ಎಲ್2 ಮೇಲೆ ತಪ್ಪು ಹೊರಿಸುತ್ತಿದ್ದೀರಿ, ಅರ್ಧ ತಪ್ಪು ಎಕ್ಸ್‌ಪೊನೆನ್ಷಿಯಲ್‌ನದ್ದು. ಸೆಮಿಪ್ಯಾರಾಮೆಟ್ರಿಕ್ (ಮಾಡೆಲ್‌ನ ಒಂದು ಭಾಗಕ್ಕೆ ಮಾತ್ರ ಪ್ಯಾರಾಮೀಟರ್ ಇಡುವ) ಕಡೆಯವರು ಎಲ್2ನ್ನೇ ಟ್ಯಾಂಜೆಂಟ್ ಸ್ಪೇಸ್ ಅನ್ನುತ್ತಾರೆ, ಅವರಿಗೆ ಏನೂ ಆಗಿಲ್ಲ. ಯಾಕೆಂದರೆ ಅವರಿಗೆ ಬೇಕಾಗಿರುವುದು ಒಂದೊಂದು ದಿಕ್ಕಿಗೆ ಒಂದೊಂದು ದಾರಿ ಮಾತ್ರ, ಪೂರ್ತಿ ಚಾರ್ಟ್ ಅಲ್ಲ. ಇ^ಯು ಬದಲು 2/(1 + ಇ^(−2ಯು)) ಹಾಕಿ ನಾರ್ಮಲೈಸ್ ಮಾಡುತ್ತಾರೆ. ಅದು 0 ಮತ್ತು 2ರ ನಡುವೆಯೇ ಇರುತ್ತದೆ, ಸೊನ್ನೆಯ ಹತ್ತಿರ 1 + ಯು ತರಹ ನಡೆಯುತ್ತದೆ.

ಪೂರ್ತಿ ಚಾರ್ಟ್ ಕೂಡ ಎಲ್2ನಂತೆ ಒಳಗುಣಲಬ್ಧ ಇರುವ ಹಿಲ್ಬರ್ಟ್ ಸ್ಪೇಸ್‌ನಲ್ಲಿ ಬೇಕು ಅಂದರೆ ನ್ಯೂಟನ್ 2012ರಲ್ಲಿ ಕೊಟ್ಟ ದಾರಿ ಇದೆ. ಲಾಗ್ ಡೆನ್ಸಿಟಿ ಒಂದನ್ನೇ ಅಲ್ಲ, ಡೆನ್ಸಿಟಿ + ಲಾಗ್ ಡೆನ್ಸಿಟಿಯನ್ನು ಕೋಆರ್ಡಿನೇಟ್ ಯು ಮಾಡಿಕೊಳ್ಳುತ್ತಾರೆ (ಇಲ್ಲಿ ಡೆನ್ಸಿಟಿ ಅಂದರೆ ಬೇಸ್‌ಗೆ ಹೋಲಿಸಿದ ಕ್ಯೂ/ಪಿ). ಯು ದೊಡ್ಡದಾದಾಗ ಡೆನ್ಸಿಟಿ ಎಕ್ಸ್‌ಪೊನೆನ್ಷಿಯಲ್ ಆಗಿ ಅಲ್ಲ, ಯುವಿನಷ್ಟೇ ವೇಗದಲ್ಲಿ ಬೆಳೆಯುತ್ತದೆ. ನಿಮ್ಮ 0.0001 ಎಕ್ಸ್⁴ ಅಲ್ಲಿ ಒಳ್ಳೆಯ ಮಗುವಿನಂತೆ ಕೂರುತ್ತದೆ. ಆದರೆ ಅದು ಎಕ್ಸ್‌ಪೊನೆನ್ಷಿಯಲ್ ಫ್ಯಾಮಿಲಿ ಆಗಿ ಉಳಿಯುವುದಿಲ್ಲ, ಕೆಯ ಆ ಸುಂದರ ಗುಣಗಳು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಬೌಂಡೆಡ್ ಕರ್ನಲ್‌ಗೆ ಬದಲಾಯಿಸಿದೆ, ಗ್ರಿಡ್ ಎಷ್ಟು ಹಿಗ್ಗಿಸಿದರೂ ಕೆ ಅಲುಗಾಡಲಿಲ್ಲ. ನನ್ನ ಡೇಟಾದ ಬಾಲ ಸ್ವಲ್ಪ ಭಾರ ಇರುವುದು ನಿಜ, ಹಾಗಾಗಿ ಬೇಸ್‌ಗೆ 5 ಡಿಗ್ರಿ ಆಫ್ ಫ್ರೀಡಮ್ ಇರುವ ಸ್ಟೂಡೆಂಟ್ ಟಿ (ನಾರ್ಮಲ್‌ಗಿಂತ ಭಾರದ ಬಾಲದ ಡೆನ್ಸಿಟಿ) ಇಡೋಣ ಅಂತಿದ್ದೇನೆ. ಆ ದ್ವೀಪದಲ್ಲಿ ಎಕ್ಸ್, ಎಕ್ಸ್² ದಿಕ್ಕುಗಳು ಇರುತ್ತವಲ್ಲ? ಕರ್ನಲ್ ಜೊತೆ ಅವೂ ಬೇಕಿತ್ತು.

ಉತ್ತರ 1

ಇರುವುದಿಲ್ಲ, ಎಕ್ಸ್ ಕೂಡ ಇರುವುದಿಲ್ಲ! ಸ್ಟೂಡೆಂಟ್ ಟಿಯ ಬಾಲ ಎಕ್ಸ್‌ಪೊನೆನ್ಷಿಯಲ್ ಆಗಿ ಅಲ್ಲ, ಬರೀ ಎಕ್ಸ್‌ನ ಒಂದು ಘಾತದ ವೇಗದಲ್ಲಿ ಇಳಿಯುತ್ತದೆ, ಇ^(ಸಿ ಎಕ್ಸ್) ಅದನ್ನು ಸೊನ್ನೆಯಲ್ಲದ ಯಾವ ಸಿಗಾದರೂ ಮೀರಿಸುತ್ತದೆ, ಸಿ ಎಷ್ಟೇ ಸಣ್ಣದಿರಲಿ. ಆದರೆ ಜಾಗ ಸರಿಸುವುದು ಬೇಕಿದ್ದರೆ ಯೋಚನೆ ಬೇಡ. ಸರಿಸಿದ ಸ್ಟೂಡೆಂಟ್ ಟಿ ಅದೇ ದ್ವೀಪದಲ್ಲೇ ಇದೆ, ಮೂಲಕ್ಕೂ ಅದಕ್ಕೂ ಇರುವ ಅನುಪಾತದ ಲಾಗ್ ಬೌಂಡೆಡ್. ಅಲ್ಲಿಗೆ ಹೋಗುವ ದಿಕ್ಕು ಎಕ್ಸ್ ಅಲ್ಲ, ಅಷ್ಟೇ. ಎಕ್ಸ್² ಜಾಗದಲ್ಲಿ ಲಾಗ್(1 + ಎಕ್ಸ್²) ಹಾಕಿ. ಅದರ ಗುಣಾಂಕ 5/2ಕ್ಕಿಂತ ಕಡಿಮೆ ಇರುವವರೆಗೂ ಇಂಟಿಗ್ರಲ್ ಸಾಂತ, ಬಾಲದ ಭಾರವನ್ನು ಅದೇ ಹೊಂದಿಸಿಕೊಡುತ್ತದೆ. ಸ್ಕೋರ್ ಮ್ಯಾಚಿಂಗ್‌ನಿಂದ ಗುಣಾಂಕ ಬಂದ ಮೇಲೆ ಮಾತ್ರ ಆ 5/2ನ್ನು ಕೈಯಾರೆ ಪರೀಕ್ಷಿಸಿ, ಅದು ತಾನಾಗಿ ಹೇಳುವುದಿಲ್ಲ.